ಧಾರವಾಡಕ್ಕೆ ಬಂದ ಗರಗಸದ ಜಿನ್

ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು. ಅದಕ್ಕಾಗಿ ಬೆಳವಲದ ಹೊಲಕ್ಕೆ ಅಮೆರಿಕದ ಬೀಜ ಬಂತು. ಬೀಜದ ಹಿಂದೆ ಯಂತ್ರ, ಯಂತ್ರದ ಹಿಂದೆ ರಸ್ತೆ, ಬಂದರು, ಕಾನೂನು ಬಂದವು. ಒಂದು ಜಿಲ್ಲೆ ಪ್ರಾಂತವನ್ನೇ ಬದಲಿಸಿತು. ಆದರೆ ಹೊಸ ಯಂತ್ರವನ್ನು ಒಪ್ಪಬೇಕೋ ಬಿಡಬೇಕೋ ಎಂಬ ತೀರ್ಮಾನ ನಡೆದದ್ದು ರೈತನ ಪಡಸಾಲೆಯಲ್ಲಿ.

ಬೇಸಿಗೆ ಕಾಲಿಡುವ ಹೊತ್ತು. 1840ರ ಆಸುಪಾಸು. ಧಾರವಾಡ ಸೀಮೆಯ ಒಂದು ಹಳ್ಳಿ, ಒಂದು ಒಕ್ಕಲಿಗರ ಮನೆ. ಪಡಸಾಲೆಯ ಮೂಲೆಯಲ್ಲಿ ಹೊಲದಿಂದ ತಂದ ಹತ್ತಿಯ ರಾಶಿ. ಪಕ್ಕದಲ್ಲಿ ಗಿಡ್ಡ ಮಣೆಯ ಮೇಲೆ ಕುಳಿತ ಹೆಣ್ಣುಮಗಳು. ಅವಳ ಮುಂದೆ ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಕಬ್ಬಿಣದ ಸಣ್ಣ ಸಲಾಕೆ.

ಅಂಗಾಲಿಗೆ ಮರದ ಹಲಗೆ ಕಟ್ಟಿಕೊಂಡು ಆಕೆ ಸಲಾಕೆಯನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾಳೆ. ಕೈ ಹಿಡಿಹಿಡಿಯಾಗಿ ಹತ್ತಿ ಉಣಿಸುತ್ತದೆ. ಸಲಾಕೆ ಅರಳೆಯನ್ನು ಆಚೆಗೆ ಸೆಳೆದುಕೊಳ್ಳುತ್ತದೆ, ಕಾಳು ದಾಟಲಾರದೆ ಈಚೆಗೇ ಉದುರುತ್ತದೆ. ಸೊಂಟ, ಮೊಣಕಾಲು, ಹಿಮ್ಮಡಿ ಮೂರಕ್ಕೂ ನೋವು ಕೊಡುವ ಕೆಲಸ. ಹಗಲೆಲ್ಲ ಉರುಳಿಸಿದರೂ ಸಿಗುವ ಅರಳೆ ಕೆಲವೇ ಸೇರು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯಲ್ಲಿ ಉಗಿಯಂತ್ರದ ಬಲದಿಂದ ಲಕ್ಷಗಟ್ಟಲೆ ಕದಿರುಗಳು ತಿರುಗುತ್ತಿದ್ದವು. ಆ ಕದಿರುಗಳಿಗೂ ಈ ಹೆಣ್ಣುಮಗಳ ಸಲಾಕೆಗೂ ನಡುವೆ ಒಂದು ಕಗ್ಗಂಟಿತ್ತು. ನೂಲುವುದನ್ನೂ ನೇಯುವುದನ್ನೂ ಯಂತ್ರ ಎಷ್ಟೇ ಚುರುಕಾಗಿ ಮಾಡಲಿ, ಕಾಳಿನಿಂದ ಅರಳೆ ಬೇರೆಯಾಗದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ಬಟ್ಟೆ ಉದ್ಯಮದ ಚರಿತ್ರೆಯಲ್ಲಿ ಜೆನ್ನಿ, ಮ್ಯೂಲ್, ಪವರ್‌ಲೂಮ್‌ಗಳ ಹೆಸರು ದೊಡ್ಡದಾಗಿ ಬರುತ್ತದೆ. ಹತ್ತಿ ಅರೆಯುವ ಜಿನ್ ಮಾತ್ರ ಹೊಲದ ಅಂಚಿನಲ್ಲೇ ಉಳಿದುಬಿಡುತ್ತದೆ. ಕರ್ನಾಟಕದ ಮಟ್ಟಿಗೆ ಹೊಸ ತಂತ್ರಜ್ಞಾನದ ನಿಜವಾದ ಪರೀಕ್ಷೆ ನಡೆದದ್ದು ಆ ಅಂಚಿನಲ್ಲಿಯೇ.

ಒಂದು ಯಂತ್ರ, ಲಕ್ಷಾಂತರ ಗುಲಾಮರು

ಅಮೆರಿಕದಲ್ಲಿ ಎಲಿ ವಿಟ್ನಿ ಎಂಬಾತ 1794ರಲ್ಲಿ ಹೊಸ ಜಿನ್ನಿಗೆ ಪೇಟೆಂಟ್ ಪಡೆದ. ಕೈಯಿಂದ ದಿನಕ್ಕೆ ಒಂದು ಪೌಂಡು ಅರಳೆ ತೆಗೆಯುವ ಕಡೆ ತನ್ನ ಯಂತ್ರ 50 ಪೌಂಡು ತೆಗೆಯುತ್ತದೆ ಎಂಬುದು ಅವನ ಹೇಳಿಕೆ. ಸ್ವಲ್ಪ ಕಾಲದಲ್ಲೇ ತಂತಿ ಹಲ್ಲುಗಳ ಜಾಗದಲ್ಲಿ ಗುಂಡು ಗರಗಸಗಳು ಬಂದವು. ಅದೇ ಗರಗಸದ ಜಿನ್, ವ್ಯಾಪಾರಿಗಳ ಬಾಯಲ್ಲಿ ಸಾ-ಜಿನ್.

ಕಾಳು ಬಿಡಿಸುವ ಅಡ್ಡಿ ನಿವಾರಣೆಯಾದದ್ದೇ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಹೊಲಗಳು ಹಬ್ಬುತ್ತ ಹೋದವು. ಆ ಹೊಲಗಳಲ್ಲಿ ದುಡಿಯಲು ಆಫ್ರಿಕಾ ಮೂಲದ ಗುಲಾಮರನ್ನು ಊರಿಂದೂರಿಗೆ ಮಾರಿದರು, ಗಂಡ-ಹೆಂಡತಿ-ಮಕ್ಕಳನ್ನು ಅಗಲಿಸಿದರು. ದುಡಿಮೆಯ ಭಾರ ಇಳಿಸಲು ಬಂದ ಯಂತ್ರ ಗುಲಾಮಗಿರಿಯ ಆಯುಷ್ಯವನ್ನು ಹೆಚ್ಚಿಸಿತು. ಹತ್ತಿಯ ಕಥೆ ಹೇಳುವಾಗ ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಒಪ್ಪಿತವಲ್ಲ.

1860ರ ಹೊತ್ತಿಗೆ ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದಿಂದಲೇ ಬರುತ್ತಿತ್ತು. ಯಂತ್ರಗಳನ್ನೂ ಆ ಎಳೆಯ ಉದ್ದಕ್ಕೆ ಹೊಂದುವಂತೆಯೇ ಕಟ್ಟಿದ್ದರು. ಭಾರತದ ಗಿಡ್ಡ ಎಳೆ ಅಲ್ಲಿ ಮೇಲಿಂದ ಮೇಲೆ ತುಂಡಾಗುತ್ತಿತ್ತು. ಒಂದೇ ದೇಶವನ್ನು ನೆಚ್ಚಿಕೊಂಡರೆ ಅಪಾಯ ಎಂದು ಮ್ಯಾಂಚೆಸ್ಟರಿನವರಿಗೆ ಬಹಳ ಮೊದಲೇ ಅನಿಸಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ ತಮ್ಮ ಯಂತ್ರವನ್ನು ತಿದ್ದುವುದಲ್ಲ, ಭಾರತದ ಗಿಡವನ್ನು ತಿದ್ದುವುದು.

ಕುಸುಗಲ್ಲಿನ ಹೊಲದಲ್ಲಿ ಅಮೆರಿಕದವರು

ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಒತ್ತಡ ಬಿತ್ತು. ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿ ಅಮೆರಿಕಕ್ಕೆ ಹೋಗಿ, ಹತ್ತಿ ಬೇಸಾಯ ಬಲ್ಲ ಹತ್ತು ಮಂದಿ ತೋಟಗಾರರನ್ನು ಸಂಬಳ ಕೊಟ್ಟು ಗೊತ್ತುಮಾಡಿದ. 1840ರಲ್ಲಿ ಅವರು ಬೀಜ, ನೇಗಿಲು, ಜಿನ್‌ಗಳ ಸಮೇತ ಭಾರತಕ್ಕೆ ಬಂದರು. ಮುಂಬೈ, ಮದ್ರಾಸ್, ಬಂಗಾಳ ಪ್ರಾಂತಗಳಿಗೆ ಅವರನ್ನು ಹಂಚಿಕೊಟ್ಟರು.

ಹೆಚ್ಚಿನ ಕಡೆ ಪ್ರಯೋಗ ಕೈಕೊಟ್ಟಿತು. ಗುಜರಾತಿನ ಮಳೆ-ಬಿಸಿಲಿಗೆ ಅಮೆರಿಕದ ಗಿಡ ಒಗ್ಗಲಿಲ್ಲ. ಕೈ ಹಿಡಿದದ್ದು ಧಾರವಾಡ. ಇಲ್ಲಿ ಮುಂಗಾರು ಅತಿಯಾಗಿ ಸುರಿಯುವುದಿಲ್ಲ, ಹಿಂಗಾರಿನ ಮಳೆಯೂ ಸಿಗುತ್ತದೆ, ನೆಲ ತೇವ ಹಿಡಿದಿಡುತ್ತದೆ. ಕಲೆಕ್ಟರ್ ಶಾ ಹುಮ್ಮಸ್ಸಿನಿಂದ ನ್ಯೂ ಓರ್ಲಿಯನ್ಸ್ ತಳಿಯ ಬೀಜ ಹಂಚಿದರು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಸರ್ಕಾರಿ ಪ್ರಯೋಗದ ಹೊಲ ಎದ್ದಿತು. ಅದನ್ನು ನೋಡಿಕೊಂಡವನು ಮರ್ಸರ್ ಎಂಬ ಅಮೆರಿಕನ್.

ಈ ಮರ್ಸರ್ ಮಾಡಿದ ಒಂದು ಕೆಲಸಕ್ಕಾಗಿ ಅವನ ಬಗ್ಗೆ ನನಗೆ ಗೌರವವಿದೆ. ಕೆಲವು ವರ್ಷ ಬೇಸಾಯ ಮಾಡಿ ನೋಡಿ, ಈ ಪ್ರಯೋಗದ ಹೊಲಗಳನ್ನು ಮುಚ್ಚಿಬಿಡಿ ಎಂದು ಅವನೇ ಸರ್ಕಾರಕ್ಕೆ ಬರೆದ. ಅಮೆರಿಕದ ಬೇಸಾಯದ ಕ್ರಮ ಈ ದೇಶಕ್ಕೆ ಹೊಂದದು, ಹವೆ ಮತ್ತು ನೆಲದ ಗುಣ ಬಲ್ಲ ಇಲ್ಲಿನ ರೈತ ಯಾವ ಐರೋಪ್ಯನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ ಎಂಬುದು ಅವನ ವಾದದ ತಿರುಳು. ತನ್ನ ನೌಕರಿಗೇ ಕುತ್ತು ತರುವ ಮಾತನ್ನು ಅವನು ಹೇಳಿದ್ದ. ರೈತನನ್ನು ಸೋಮಾರಿ, ಹಳೇ ಸಂಪ್ರದಾಯದವನು ಎಂದು ಕರೆಯುತ್ತಿದ್ದ ಲಂಡನ್ನಿನ ಸಭೆಗಳಲ್ಲಿ ಇಂಥ ಮಾತಿಗೆ ಬೆಲೆ ಕಡಿಮೆ ಇತ್ತು.

ಬೀಜವನ್ನು ರೈತರು ಬಿಡಲಿಲ್ಲ. ತಮ್ಮದೇ ಕುಂಟೆ, ತಮ್ಮದೇ ಕೂರಿಗೆಯಲ್ಲಿ ಅಮೆರಿಕದ ಹತ್ತಿ ಬಿತ್ತಿದರು. ಜವಾರಿ ಹತ್ತಿಯನ್ನೂ ಪಕ್ಕದಲ್ಲೇ ಉಳಿಸಿಕೊಂಡರು.

ಗಿಡವೇ ಕೇಳಿದ ಯಂತ್ರ

ತೊಡಕು ಕಾಣಿಸಿಕೊಂಡದ್ದು ಸುಗ್ಗಿಯ ನಂತರ. ಜವಾರಿ ಹತ್ತಿಯ ಕಾಳನ್ನು ಕಾಲಿನ ಸಲಾಕೆ ಸಲೀಸಾಗಿ ಬಿಡಿಸುತ್ತಿತ್ತು. ನ್ಯೂ ಓರ್ಲಿಯನ್ಸ್ ತಳಿಯಲ್ಲಿ ಅರಳೆ ಕಾಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸಲಾಕೆಗಾಗಲಿ, ಎರಡು ಉರುಳೆಗಳ ಕೈರಾಟೆಗಾಗಲಿ ಅದು ಬಗ್ಗಲಿಲ್ಲ. ಅರೆದರೂ ಕೂಲಿಗೆ ಸಾಲುವಷ್ಟು ಅರಳೆ ಹೊರಡುತ್ತಿರಲಿಲ್ಲ. ಬೆಳೆ ಬಂದಿದೆ, ಬಿಡಿಸಿ ಮಾರುವ ದಾರಿಯಿಲ್ಲ.

ಗರಗಸದ ಜಿನ್ ಧಾರವಾಡದ ಹಳ್ಳಿಗಳಿಗೆ ಕಾಲಿಟ್ಟದ್ದು ಹೀಗೆ. ಪ್ರಗತಿಯ ಉಪದೇಶ ಕೇಳಿ ಯಾರೂ ಅದನ್ನು ಕೊಳ್ಳಲಿಲ್ಲ, ಹೊಲದಲ್ಲಿದ್ದ ಗಿಡಕ್ಕೆ ಬೇರೆ ಗತಿಯಿರಲಿಲ್ಲ.

ಆದರೆ ವಿದೇಶಿ ಜಿನ್ ದೊಡ್ಡದು, ದುಬಾರಿ. ಗರಗಸದ ಹಲ್ಲು ಮೊಂಡಾದರೆ ಹರಿತ ಮಾಡುವವರು ಬೇಕು, ಸರಳು ಬಾಗಿದರೆ ನೇರ ಮಾಡುವವರು ಬೇಕು. ಇನ್ನೊಂದು ಲೆಕ್ಕವೂ ಇತ್ತು. ಹೊಲದಿಂದ ಬಂದ ಹತ್ತಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಾಳೇ. ಅದನ್ನು ಇಡಿಯಾಗಿ ಚಕ್ಕಡಿಯಲ್ಲಿ ಹೇರಿ ದೂರದ ಕಾರ್ಖಾನೆಗೆ ಒಯ್ದರೆ ಬಾಡಿಗೆಯೆಲ್ಲ ಕಾಳಿಗೇ ಹೋಗುತ್ತದೆ. ಆದ್ದರಿಂದ ಜಿನ್ನೇ ಹಳ್ಳಿಗೆ ಬರಬೇಕು.

ಧಾರವಾಡದಲ್ಲಿ ಸರ್ಕಾರ ನಡೆಸಿದ ಜಿನ್ ಕಾರ್ಖಾನೆಯ ಹೆಚ್ಚುಗಾರಿಕೆ ಇಲ್ಲಿದೆ. ಡಾ. ಫೋರ್ಬ್ಸ್ ಅದರ ಮೇಲ್ವಿಚಾರಕರಾಗಿದ್ದರು. ಕೈಯಿಂದ ತಿರುಗಿಸಬಹುದಾದ ಸಣ್ಣ ಅಳತೆಯ ಸಾ-ಜಿನ್‌ಗಳನ್ನು ಅಲ್ಲಿ ತಯಾರಿಸಿ ವರ್ತಕರಿಗೂ ಉಳ್ಳ ರೈತರಿಗೂ ಮಾರುತ್ತಿದ್ದರು. ಕೆಟ್ಟ ಜಿನ್‌ಗಳು ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಯಂತ್ರ ಎಲ್ಲಿಂದಾದರೂ ಬರಬಹುದು, ಅದು ಊರಿನಲ್ಲಿ ನಿಲ್ಲುವುದು ರಿಪೇರಿಯಿಂದ. ಭಾರತದ ಬೇರೆ ಸೀಮೆಗಳಿಗೆ ಹೋದ ಎಷ್ಟೋ ಜಿನ್‌ಗಳು ತುಕ್ಕು ಹಿಡಿಯಲು ಈ ಒಂದು ಕೊರತೆಯೇ ಸಾಕಾಗಿತ್ತು.

▪ ಬಾಕ್ಸ್: ಅರೆಯುವ ಮೂರು ಬಗೆ

ಕಾಲಿನ ಸಲಾಕೆ: ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಉರುಳುತ್ತದೆ. ಎಳೆಗೆ ಪೆಟ್ಟಾಗುವುದಿಲ್ಲ, ಕೆಲಸ ನಿಧಾನ. ಉರುಳೆಯಿಂದ ಹತ್ತಿ ಅರೆಯುವ ಚಿತ್ರ ಅಜಂತಾ ಗುಹೆಗಳ ಗೋಡೆಯಲ್ಲೇ ಇದೆ.

ಸಾ-ಜಿನ್: ಒಂದೇ ಅಚ್ಚಿನ ಮೇಲೆ ಸಾಲಾಗಿ ಗುಂಡು ಗರಗಸಗಳು. ಅವುಗಳ ಹಲ್ಲು ಕಬ್ಬಿಣದ ಸರಳುಗಳ ಸಂದಿಯಿಂದ ತೂರಿ ಅರಳೆಯನ್ನು ಕಿತ್ತೆಳೆಯುತ್ತದೆ. ಸಂದಿ ಕಿರಿದಾದ್ದರಿಂದ ಕಾಳು ಹಿಂದೆ ಉಳಿಯುತ್ತದೆ. ಹಿಂಬದಿಯ ಬ್ರಶ್ ಗರಗಸಕ್ಕೆ ಅಂಟಿದ ಅರಳೆಯನ್ನು ಗುಡಿಸುತ್ತದೆ.

ಮೆಕಾರ್ಥಿ ಜಿನ್: ಅಮೆರಿಕದ ಅಲಬಾಮದ ಫೋನ್ಸ್ ಮೆಕಾರ್ಥಿ 1840ರಲ್ಲಿ ಪೇಟೆಂಟ್ ಪಡೆದದ್ದು. ತೊಗಲು ಸುತ್ತಿದ ಉರುಳೆ ಎಳೆಯನ್ನು ಹಿಡಿದೆಳೆಯುತ್ತದೆ, ಅಲುಗು ಕಾಳನ್ನು ತಡೆಯುತ್ತದೆ. ಭಾರತದ ಹಳೇ ಉರುಳೆಯ ತತ್ವ, ಹೊಸ ವೇಗ.

ಬೇಡ ಎಂದವರ ಲೆಕ್ಕ

ಅಮೆರಿಕದ ಹತ್ತಿಗೆ ಸಾ-ಜಿನ್ ಒಪ್ಪಿದ ಅದೇ ರೈತ, ಜವಾರಿ ಹತ್ತಿಗೆ ಅದನ್ನು ಮುಟ್ಟಲಿಲ್ಲ. ಒಂದೇ ಊರು, ಒಂದೇ ಮನೆ, ಒಂದೇ ಅಂಗಳ. ಒಂದು ರಾಶಿ ಗರಗಸಕ್ಕೆ, ಇನ್ನೊಂದು ರಾಶಿ ಕಾಲಿನ ಸಲಾಕೆಗೆ. ಇದನ್ನು ಮೊಂಡುತನ ಎಂದು ಅಧಿಕಾರಿಗಳು ಷರಾ ಬರೆದದ್ದುಂಟು. ಕಾರಣಗಳನ್ನು ಒಂದೊಂದಾಗಿ ನೋಡಿದರೆ ಅದು ಅಚ್ಚುಕಟ್ಟಾದ ಒಕ್ಕಲುತನದ ಲೆಕ್ಕ.

ಜವಾರಿ ಹತ್ತಿಯ ಎಳೆ ಮೊದಲೇ ಗಿಡ್ಡ. ಗರಗಸದ ಹಲ್ಲು ಅದನ್ನು ಇನ್ನಷ್ಟು ತುಂಡರಿಸುತ್ತದೆ, ಕಾಳನ್ನೂ ಗಾಯಗೊಳಿಸುತ್ತದೆ. ಗಾಯವಾದ ಕಾಳು ಮುಂದಿನ ಬಿತ್ತನೆಗೆ ಬಾರದು. ಹತ್ತಿಕಾಳು ಎತ್ತಿನ ಮೇವೂ ಹೌದು. ಹಿಂಡುವ ಎಮ್ಮೆಗೂ ಉಳುವ ಎತ್ತಿಗೂ ಹತ್ತಿಕಾಳು ನೆನೆಸಿ ಕೊಡುವ ರೂಢಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಮನೆಯಲ್ಲೇ ಅರೆದರೆ ಕಾಳು ಮನೆಯಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡದು ಪೇಟೆಯ ನಡೆ. ದಲಾಲಿಗಳ ಕೈ ದಾಟಿ ಮುಂಬೈ ಸೇರುವಷ್ಟರಲ್ಲಿ ಶುದ್ಧ ಅರಳೆ, ಕಸ ಬೆರೆತ ಅರಳೆ ಎಲ್ಲ ಒಂದೇ ಅಂಡಿಗೆಯಲ್ಲಿ ಒತ್ತಿಕೊಂಡಿರುತ್ತಿತ್ತು. ಚೊಕ್ಕ ಮಾಲಿಗೆ ರೈತನ ಕೈಗೆ ನಾಲ್ಕು ಕಾಸು ಹೆಚ್ಚು ಸಿಗದಿದ್ದರೆ ಅವನೇಕೆ ಯಂತ್ರಕ್ಕೆ ಹಣ ಹೂಡಬೇಕು? ಮ್ಯಾಂಚೆಸ್ಟರಿಗೆ ಒಳ್ಳೆಯ ಹತ್ತಿ ಬೇಕಿತ್ತು, ಒಳ್ಳೆಯ ಹತ್ತಿಯ ಬೆಲೆ ಹೊಲದವರೆಗೆ ತಲುಪಿಸುವ ಏರ್ಪಾಟು ಬೇಕಿರಲಿಲ್ಲ. ಈ ಅನ್ಯಾಯದ ಕಡೆ ಬೆರಳು ಮಾಡದೆ ರೈತನ ಅಜ್ಞಾನದ ಬಗ್ಗೆ ಪುಟಗಟ್ಟಲೆ ವರದಿಗಳು ಹುಟ್ಟಿದವು.

ಇನ್ನು ಆ ಹೆಣ್ಣುಮಗಳ ದುಡಿಮೆ. ಸುಗ್ಗಿ ಮುಗಿದು ಮಳೆ ಬರುವವರೆಗಿನ ತಿಂಗಳುಗಳಲ್ಲಿ ಹೊಲದಲ್ಲಿ ಕೆಲಸವಿಲ್ಲ. ಆಗ ಅರೆಯುವ ಕೆಲಸ ಬಡಮನೆಯ ಹೆಂಗಸರಿಗೆ ಒಂದಿಷ್ಟು ಗಳಿಕೆ ತರುತ್ತಿತ್ತು. ಅವಳ ಶ್ರಮಕ್ಕೆ ಬೆಲೆಯೇ ಇಲ್ಲವೆಂಬಂತೆ ಲೆಕ್ಕ ಹಾಕಿದ್ದರಿಂದಲೂ ಹಳೆಯ ಸಲಾಕೆ ಅಗ್ಗವಾಗಿ ಕಂಡಿತು. ಈ ಮಾತನ್ನೂ ಹೇಳಲೇಬೇಕು.

ಯುದ್ಧ ಅಲ್ಲಿ, ಸಂತೆ ಇಲ್ಲಿ

1861ರ ಏಪ್ರಿಲ್. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರಿಗೆ ಹತ್ತಿ ನಿಂತಿತು. ಗಿರಣಿಗಳು ಬಾಗಿಲು ಹಾಕಿದವು, ಲಕ್ಷಾಂತರ ಕಾರ್ಮಿಕರು ಗಂಜಿಗೆ ಕೈಯೊಡ್ಡಿದರು.

ಮುಂಬೈಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಹುಬ್ಬಳ್ಳಿ, ಗದಗ, ಧಾರವಾಡದ ಪೇಟೆಗಳಲ್ಲಿ ಹಣ ಓಡಾಡಿತು. ಇದ್ದಕ್ಕಿದ್ದಂತೆ ಎಲ್ಲರ ಕಣ್ಣೂ 'ಧಾರವಾಡ ಅಮೆರಿಕನ್' ಹತ್ತಿಯ ಮೇಲೆ ಬಿತ್ತು. ಲ್ಯಾಂಕಶೈರಿನ ಯಂತ್ರಕ್ಕೆ ಹೊಂದುವ ಎಳೆ ಭಾರತದಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಇಲ್ಲಿಯೇ. ಲಿವರ್‌ಪೂಲ್ ಪೇಟೆಯ ದರಪಟ್ಟಿಯಲ್ಲಿ 'ಸಾ-ಜಿನ್ಡ್ ಧಾರವಾಡ' ಎಂಬುದು ಒಂದು ಪ್ರತ್ಯೇಕ ದರ್ಜೆಯಾಗಿ ನಿಂತಿತು. ಊರಿನ ಹೆಸರಿನ ಜೊತೆ ಯಂತ್ರದ ಹೆಸರೂ ಸೇರಿದ ಆ ದರ್ಜೆ ಇಪ್ಪತ್ತನೇ ಶತಮಾನದವರೆಗೂ ವ್ಯಾಪಾರದಲ್ಲಿ ಉಳಿಯಿತು.

ಸಮಸ್ಯೆ ಸಾಗಣೆಯದು. ಹುಬ್ಬಳ್ಳಿ ಕಡೆಯ ಹತ್ತಿ ಶಿರಸಿ ಹಾದು, ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬೇಕು. ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ. ಘಟ್ಟದ ದಾರಿಯಲ್ಲಿ ಎತ್ತುಗಳು ಎಬ್ಬಿಸುವ ಧೂಳು, ಮಳೆ ಬಂದರೆ ನೀರು, ಎಲ್ಲವೂ ಅಂಡಿಗೆಯೊಳಗೆ. ಕರಾವಳಿಯಲ್ಲಿ ಒಂದು ಹತ್ತಿಗಿಡವೂ ಬೆಳೆಯದಿದ್ದರೂ ಧಾರವಾಡದ ಜವಾರಿ ಹತ್ತಿ ಲೋಕಕ್ಕೆಲ್ಲ 'ಕುಮಟಾ' ಎಂದೇ ಪರಿಚಯವಾದದ್ದು ಈ ದಾರಿಯಿಂದ.

ಮ್ಯಾಂಚೆಸ್ಟರಿನವರಿಗೆ ಕುಮಟಾ ಸಾಲಲಿಲ್ಲ. ಕಾಳಿ ನದಿ ಕಡಲು ಸೇರುವ ಕಾರವಾರ-ಸದಾಶಿವಗಡದಲ್ಲಿ ದೊಡ್ಡ ಬಂದರು ಕಟ್ಟಿ, ಅಲ್ಲಿಂದಲೇ ನೇರವಾಗಿ ಇಂಗ್ಲೆಂಡಿಗೆ ಹಡಗು ತುಂಬಬೇಕೆಂಬುದು ಅವರ ಹಂಬಲ. ಆದರೆ ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತದಲ್ಲಿ, ಬಂದರಿನ ಕೆನರಾ ಮದ್ರಾಸ್ ಪ್ರಾಂತದಲ್ಲಿ. ಎರಡು ಸರ್ಕಾರಗಳ ನಡುವೆ ರಸ್ತೆ ಕೆಲಸ ಕುಂಟುತ್ತಿತ್ತು. ಕೊನೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಕನ್ನಡ ಕರಾವಳಿಯನ್ನು ಸುಮಾರು ಒಂದು ಶತಮಾನ ಕಾಲ ಎರಡು ಪ್ರಾಂತಗಳಾಗಿ ಸೀಳಿದ ಆ ಗೆರೆಯ ಹಿಂದೆ ಹತ್ತಿಯ ಒತ್ತಾಯ ದೊಡ್ಡದಾಗಿತ್ತು. ಏಕೀಕರಣದ ಚರಿತ್ರೆ ಓದುವವರು ಈ ಹತ್ತಿ ಅಂಡಿಗೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರಕ್ಕೆ ಯಂತ್ರಗಳನ್ನು ಹಡಗಿಗೇರಿಸಿತು. ಅವು ಬಂದು ಮುಟ್ಟಿದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ, ಮಾಲು ಇಳಿಸುವ ಕಟ್ಟೆ ಸಿದ್ಧವಾಗಿರಲಿಲ್ಲ. ಆ ಕಂಪನಿ ಹೆಚ್ಚು ಕಾಲ ಬಾಳಲಿಲ್ಲ.

ಬೆರಕೆಯ ಕಾಲ

ಬೆಲೆ ಏರಿದಾಗ ಬೆರಕೆಯೂ ಏರಿತು. ತೂಕ ಬರಲೆಂದು ನೀರು ಚಿಮುಕಿಸುವುದು, ಕಾಳು-ಕಸ ಸೇರಿಸುವುದು, ಗಿಡ್ಡ ಎಳೆಯ ಜವಾರಿ ಹತ್ತಿಯನ್ನು ಧಾರವಾಡ ಅಮೆರಿಕನ್ ಜೊತೆ ಬೆರೆಸುವುದು. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆ ಕಾನೂನು ತಂದಿತು. ಇನ್‌ಸ್ಪೆಕ್ಟರುಗಳು ಬಂದರು, ಅಂಡಿಗೆ ಬಿಚ್ಚಿ ನೋಡಿದರು, ದಂಡ ಹಾಕಿದರು. ಅದೇ ವರ್ಷ ಫೋರ್ಬ್ಸ್ ಹತ್ತಿ ಕಮಿಷನರ್ ಆದರು.

ಕಾನೂನು ತಡೆಯಲಾಗದ ಬೆರಕೆಯೊಂದು ಜಿನ್ನಿನ ಬುಡದಲ್ಲೇ ನಡೆಯುತ್ತಿತ್ತು. ಕಾಲಿನ ಸಲಾಕೆಯ ದಿನಗಳಲ್ಲಿ ಪ್ರತಿ ಮನೆಯ ಕಾಳು ಆ ಮನೆಯದೇ. ಯಂತ್ರಕ್ಕೆ ಹತ್ತು ಮನೆಯ ಹತ್ತಿ ಬಂದು ಬೀಳುತ್ತದೆ. ಒಬ್ಬನದು ಅಮೆರಿಕನ್, ಒಬ್ಬನದು ಜವಾರಿ, ಇನ್ನೊಬ್ಬನದು ಎರಡೂ ಕಲೆತದ್ದು. ಕೆಳಗೆ ಉದುರಿದ ಕಾಳು ಒಂದೇ ಗುಡ್ಡೆ. ಮುಂದಿನ ವರ್ಷ ಬಿತ್ತನೆಗೆ ರೈತ ಒಯ್ಯುವುದು ಅದೇ ಗುಡ್ಡೆಯಿಂದ. ಯಂತ್ರ ನೆಲೆಯೂರಿದ್ದೇ ಧಾರವಾಡ ಅಮೆರಿಕನ್ ತಳಿಯ ಶುದ್ಧಿ ಕೆಡುತ್ತ ಬಂತು. ಯಾವ ಗಿಡಕ್ಕಾಗಿ ಈ ಜಿನ್ನನ್ನು ತಂದರೋ ಆ ಗಿಡಕ್ಕೇ ಅದು ಮುಳುವಾಯಿತು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಬೆಲೆ ಕುಸಿಯಿತು. ಮುಂಬೈಯ ಷೇರು ವ್ಯಾಪಾರಿಗಳು ದಿವಾಳಿಯಾದರು. ಹತ್ತೇ ವರ್ಷ ಕಳೆದು, 1876ರಿಂದ 78ರ ಬರ ಇದೇ ಸೀಮೆಯನ್ನು ಹಿಂಡಿತು. ಹತ್ತಿ ಬೆಳೆದ ನೆಲದಲ್ಲಿ ಜನ ಜೋಳಕ್ಕಾಗಿ ಪರದಾಡಿದರು.

▪ ಬಾಕ್ಸ್: ನೀರು ತಿರುಗಿಸಿದ ಗಿರಣಿ

ಕರ್ನಾಟಕದ ಹತ್ತಿ ಉದ್ಯಮದಲ್ಲಿ ಇನ್ನೊಂದು ಹೊಸತನ ಘಟಪ್ರಭೆಯ ದಂಡೆಯಲ್ಲಿ ಕಂಡಿತು. 1885ರಲ್ಲಿ ಸ್ಥಾಪನೆಯಾದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ನೂಲಿನ ಗಿರಣಿ 1887ರಲ್ಲಿ ಶುರುವಾಯಿತು. ಕಲ್ಲಿದ್ದಲು ದೂರವಿದ್ದ ಊರಿನಲ್ಲಿ ಜಲಪಾತವೇ ಟರ್ಬೈನ್ ತಿರುಗಿಸಿ ಕದಿರಿಗೆ ಬಲ ಕೊಟ್ಟಿತು.

ರೈಲು ಬಂತು, ಉಗಿ ಬಂತು

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿ, ಗದಗ ಕಡೆ ಹಳಿ ಹಾಸಿತು. ಚಕ್ಕಡಿಯ ಲೆಕ್ಕ ತಲೆಕೆಳಗಾಯಿತು. ಸ್ಟೇಷನ್ನಿನ ಪಕ್ಕದಲ್ಲೇ ಉಗಿಯಂತ್ರದ ಜಿನ್ನಿಂಗ್ ಫ್ಯಾಕ್ಟರಿ, ಅದರ ಪಕ್ಕದಲ್ಲೇ ಪ್ರೆಸ್. ಹತ್ತಿ ಅರೆದು, ಒತ್ತಿ, ಅಂಡಿಗೆ ಕಟ್ಟಿ ವ್ಯಾಗನ್ನಿಗೆ ಏರಿಸಿದರೆ ಮುಗಿಯಿತು. ಕುಮಟಾದ ಹತ್ತಿ ವ್ಯಾಪಾರ ಇಳಿಮುಖವಾಯಿತು. ಹಳ್ಳಿಯ ಕೈಜಿನ್‌ಗಳೂ ಕಾಲಿನ ಸಲಾಕೆಗಳೂ ಮೂಲೆ ಸೇರಿದವು.

ಅರೆಯುವ ಹೆಂಗಸರು ಕೂಲಿಗಾಗಿ ಫ್ಯಾಕ್ಟರಿಯ ಗೇಟಿಗೆ ಬಂದರು. ಮನೆಯ ನೆರಳಿನ ಕೆಲಸ ಈಗ ಅರಳೆಯ ಧೂಳು ತುಂಬಿದ ಶೆಡ್ಡಿನಲ್ಲಿ. ಜಿನ್ನಿಗೆ ಹತ್ತಿ ಉಣಿಸುವ ಕೈಗಳು ಮೊದಲಿನವೇ, ಉರುಳೆಯ ವೇಗ ಮಾತ್ರ ಅವರ ಹತೋಟಿಯಲ್ಲಿರಲಿಲ್ಲ. ಹತ್ತಿಕಾಳಿನ ಮೇಲಿನ ಹಕ್ಕೂ ಮನೆಯಿಂದ ಫ್ಯಾಕ್ಟರಿಗೆ ದಾಟಿತು.

ಅಷ್ಟರಲ್ಲಿ ಉರುಳೆಯ ತತ್ವವೇ ತೊಗಲಿನ ಹೊದಿಕೆ ಹೊದ್ದು, ಮೆಕಾರ್ಥಿಯ ಹೆಸರಿನಲ್ಲಿ, ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ತಯಾರಾಗಿ ಭಾರತಕ್ಕೆ ಬಂತು. ಎಳೆಯನ್ನು ತುಂಡರಿಸದ, ಕಾಳನ್ನು ಕೆಡಿಸದ, ಆದರೂ ವೇಗವಾಗಿ ಓಡುವ ಯಂತ್ರ. ಜವಾರಿ ಹತ್ತಿಯ ರೈತ ಗರಗಸ ಬೇಡವೆಂದದ್ದಕ್ಕೆ ಕೊಟ್ಟಿದ್ದ ಕಾರಣಗಳಿಗೆಲ್ಲ ಇದರಲ್ಲಿ ಉತ್ತರವಿತ್ತು. ದೇಶದ ಉದ್ದಗಲಕ್ಕೆ ಹರಡಿದ್ದು ಇದೇ. ಸಾ-ಜಿನ್ ಗದಗ-ಹುಬ್ಬಳ್ಳಿ ಸೀಮೆಯಂಥ ಕೆಲವೇ ಕಡೆ ಬಹುಕಾಲ ಉಳಿಯಿತು. ಇಂದು ಭಾರತದ ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಬಹುಪಾಲು ಓಡುವುದು ಮೆಕಾರ್ಥಿ ವಂಶದ ಡಬಲ್ ರೋಲರ್ ಜಿನ್. ಎರಡು ತೊಗಲಿನ ಉರುಳೆ, ನಡುವೆ ಅಲುಗು, ಕೆಳಗೆ ಇಡಿಯಾಗಿ ಉದುರುವ ಕಾಳು.

ಧಾರವಾಡದ ಪ್ರಯೋಗಶೀಲತೆ ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದ ಡಾ. ಬಿ.ಎಚ್. ಕಟರಕಿ ಅವರ 'ವರಲಕ್ಷ್ಮಿ' ಹೊರಬಂತು. ಅಮೆರಿಕದ ಮೂಲದ 'ಲಕ್ಷ್ಮಿ' ಹತ್ತಿಯನ್ನು ಈಜಿಪ್ಟ್ ಹತ್ತಿಯ ಬಳಗಕ್ಕೆ ಸೇರಿದ ಬಾರ್ಬಡೆನ್ಸ್ ಜಾತಿಯೊಂದಿಗೆ ಕೂಡಿಸಿ ಪಡೆದ ಸಂಕರ ತಳಿ ಅದು. ಮ್ಯಾಂಚೆಸ್ಟರಿನವರು ಹಂಬಲಿಸಿದ್ದ ಎಳೆಗಿಂತಲೂ ಉದ್ದದ ಎಳೆ, ಭಾರತದ ಗಿರಣಿಗಳಿಗಾಗಿಯೇ ಬೆಳವಲದಲ್ಲಿ ಬೆಳೆಯಿತು. ಅಷ್ಟು ಉದ್ದದ ಎಳೆಗೆ ಗರಗಸದ ಹಲ್ಲು ತಾಗಬಾರದು. ಅದು ಹೋಗಬೇಕಾದ್ದು ಉರುಳೆಯ ಜಿನ್ನಿಗೆ.